ಇಂಗ್ಲಿಷಿನ ಅಲಂಕಾರಗಳು ಮತ್ತು ನಮ್ಮ ಮಾತು

ದಾವಣಗೆರೆಯ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಆರಿಸಿಕೊಂಡ ವಿದ್ಯಾರ್ಥಿಗಳ ಕೈಯಲ್ಲಿ, ಪರೀಕ್ಷೆ ಸಮೀಪಿಸಿದಾಗ, ತೆಳುವಾದ ಒಂದು ಪುಸ್ತಕ ಕಾಣಿಸಿಕೊಳ್ಳುತ್ತದೆ. ಎಡಗಡೆ ಅಲಂಕಾರದ ಹೆಸರು, ನಡುವೆ ಅದರ ಲಕ್ಷಣ, ಬಲಗಡೆ ಒಂದು ಉದಾಹರಣೆ. ಸಿಮಿಲಿ, ಮೆಟಫರ್, ಮೆಟಾನಿಮಿ, ಸಿನೆಕ್ಡಕಿ, ಲೈಟೊಟಿಸ್ ಎಂದು ಸಾಗುವ ಆ ಪಟ್ಟಿ ಬಹುಮಟ್ಟಿಗೆ ಗ್ರೀಕ್ ಮೂಲದ್ದು. ಸುತ್ತಲಿನ ಹಳ್ಳಿಗಳಿಂದ ಬೆಳಗಿನ ಬಸ್ಸಿನಲ್ಲಿ ಬರುವ ಹುಡುಗ ಹುಡುಗಿಯರು ಅದನ್ನು ಅರ್ಥ ತಿಳಿಯದ ಮಂತ್ರದಂತೆ ಉರುಹೊಡೆಯುತ್ತಾರೆ. ಪರೀಕ್ಷೆಯ ಮರುದಿನ ಅದು ಮರೆತುಹೋಗುತ್ತದೆ. ಉಳಿಯುವುದು, ಇಂಗ್ಲಿಷ್ ಸಾಹಿತ್ಯವೆಂಬುದು ನಮಗೆ ದಕ್ಕುವ ವಸ್ತುವಲ್ಲ ಎಂಬ ಅಳುಕು ಮಾತ್ರ.

ಜೀವಮಾನವೆಲ್ಲ ಕನ್ನಡವನ್ನೇ ಕಲಿಸಿ ನಿವೃತ್ತನಾದ ನನಗೆ ಈ ಉಸಾಬರಿ ಏಕೆ ಎಂದು ಶ್ರೋತೃಗಳು ಕೇಳಬಹುದು. ಕಾರಣ ಸರಳವಾಗಿದೆ. ನೆರೆಹೊರೆಯ ಮಕ್ಕಳು ಆ ಪುಸ್ತಕ ಹಿಡಿದು ನನ್ನ ಮನೆಗೂ ಬರುತ್ತಾರೆ. ಅವರೊಡನೆ ಕುಳಿತು ನೋಡಿದಾಗ ನನಗೆ ಕಂಡದ್ದು ಇದು: ಪಟ್ಟಿಯಲ್ಲಿರುವ ಸಂಗತಿಗಳಲ್ಲಿ ಹೆಚ್ಚಿನವು ಈ ಮಕ್ಕಳ ಬಾಯಲ್ಲೇ ಇವೆ. ಅವರಿಗೆ ಹೊಸದಾಗಿರುವುದು ಹೆಸರು. ಆದರೆ ಆ ಹೆಸರಿಗೆ ಎದುರಾಗಿ ನಮ್ಮ ಅಲಂಕಾರಶಾಸ್ತ್ರದ ಒಂದು ಹೆಸರನ್ನು ಬರೆದುಕೊಟ್ಟರೆ ಕೆಲಸ ಮುಗಿಯಿತೇ ಎಂದರೆ, ಅದೂ ಇಲ್ಲ. ಎರಡು ಶಾಸ್ತ್ರಗಳೂ ಒಂದೇ ಹೊಲವನ್ನು ಉತ್ತಿವೆ ನಿಜ. ಬದು ಹಾಕಿರುವ ಜಾಗ ಮಾತ್ರ ಬೇರೆ ಬೇರೆ.

ಈ ವ್ಯತ್ಯಾಸಕ್ಕೆ ಅವುಗಳ ಹುಟ್ಟಿನಲ್ಲಿಯೇ ಕಾರಣವಿದೆ. ಗ್ರೀಸಿನಲ್ಲಿ ಈ ವಿದ್ಯೆ ಬೆಳೆದದ್ದು ಸಭೆ ಮತ್ತು ನ್ಯಾಯಸ್ಥಾನಗಳಲ್ಲಿ. ಎದುರಿಗೆ ಕುಳಿತವರನ್ನು ಒಪ್ಪಿಸುವುದು ಅದರ ಗುರಿ. ಆದ್ದರಿಂದ ಮಾತನ್ನು ಏರಿಸುವುದು, ಇಳಿಸುವುದು, ಎದುರುಬದುರು ನಿಲ್ಲಿಸುವುದು, ಉತ್ತರ ಬೇಡದ ಪ್ರಶ್ನೆ ಕೇಳುವುದು, ಇವೆಲ್ಲಕ್ಕೂ ಅಲ್ಲಿ ಹೆಸರುಗಳಿವೆ. ನಮ್ಮ ಶಾಸ್ತ್ರದ ಕಣ್ಣು ನೆಟ್ಟಿರುವುದು ಕಾವ್ಯದ ಮೇಲೆ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ 'ಕವಿರಾಜಮಾರ್ಗ'ದ ಮೂರು ಪರಿಚ್ಛೇದಗಳಲ್ಲಿ ಎರಡು ಅಲಂಕಾರಗಳಿಗೇ ಮೀಸಲು. ಎರಡನೆಯದು ಶಬ್ದಾಲಂಕಾರಕ್ಕೆ, ಮೂರನೆಯದು ಅರ್ಥಾಲಂಕಾರಕ್ಕೆ. ಸಂಸ್ಕೃತದ ದಂಡಿಯ 'ಕಾವ್ಯಾದರ್ಶ'ವನ್ನು ಮುಂದಿಟ್ಟುಕೊಂಡು ಬರೆದ ಗ್ರಂಥವದು. ಆದರೂ ಗ್ರಂಥಕರ್ತನು ಈ ನಾಡಿನ ಜನರನ್ನು ಕುರಿತು, ಓದು ಬರಹದ ಅಭ್ಯಾಸವಿಲ್ಲದೆಯೂ ಇವರು ಕಾವ್ಯದ ಮಾತಿನಲ್ಲಿ ನುರಿತವರು ಎಂಬ ಅರ್ಥದ ಮಾತನ್ನು ಹೇಳಿ, ಶಾಸ್ತ್ರಕ್ಕಿಂತ ಮೊದಲೇ ಬಳಕೆಯಿತ್ತೆಂಬುದನ್ನು ಒಪ್ಪಿಕೊಂಡಿದ್ದಾನೆ. ಆ ಮಾತನ್ನು ನಾನು ಬರಿಯ ನಾಡಹೊಗಳಿಕೆಯೆಂದು ತಳ್ಳಿಹಾಕಲಾರೆ.

ಮೊದಲು ಹೋಲಿಕೆಯ ಸಂಗತಿಯನ್ನು ನೋಡೋಣ. ಬೇಸಿಗೆಯಲ್ಲಿ ಹರಿಹರದ ಸೇತುವೆಯ ಮೇಲೆ ನಿಂತು, "ತುಂಗಭದ್ರೆ ಹಳೆಯ ಸೀರೆಯ ಅಂಚಿನಂತೆ ಸಣ್ಣಗೆ ಹರಿಯುತ್ತಿದ್ದಾಳೆ" ಎಂದರೆ ಅದು ಇಂಗ್ಲಿಷಿನ ಸಿಮಿಲಿ, ನಮ್ಮ ಉಪಮೆ. ಇಲ್ಲಿ ತೊಡಕಿಲ್ಲ. ನಮ್ಮವರು ಈ ಒಂದು ವಾಕ್ಯವನ್ನು ಬಿಡಿಸಿ ನಾಲ್ಕು ಅಂಗಗಳನ್ನು ತೋರಿಸುತ್ತಾರೆ: ಹೊಳೆ ಉಪಮೇಯ, ಸೀರೆಯ ಅಂಚು ಉಪಮಾನ, ಸಣ್ಣಗಿರುವುದು ಸಮಾನಧರ್ಮ, 'ಅಂತೆ' ಎಂಬುದು ವಾಚಕ. ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದಾದರೂ ಬಿಟ್ಟರೆ ಲುಪ್ತೋಪಮೆ. ಇಂಗ್ಲಿಷ್ ವಿಮರ್ಶೆಯಲ್ಲಿ ಹೋಲಿಸಲ್ಪಡುವ ವಸ್ತು ಮತ್ತು ಹೋಲಿಕೆಗೆ ತಂದ ವಸ್ತು ಇವೆರಡಕ್ಕೆ ಬಳಕೆಯಲ್ಲಿ ನಿಂತ ಪಾರಿಭಾಷಿಕ ಪದಗಳು, ಟೆನರ್ ಮತ್ತು ವೆಹಿಕಲ್ ಎಂಬವು, ಬಂದದ್ದು ಐ. ಎ. ರಿಚರ್ಡ್ಸ್ ಅವರ 1936ರ ಗ್ರಂಥದಿಂದ. ಹೆಮ್ಮೆಪಡಲೆಂದು ಇದನ್ನು ಹೇಳುತ್ತಿಲ್ಲ. ಉಪಮೇಯ ಉಪಮಾನಗಳನ್ನು ಪ್ರೌಢಶಾಲೆಯ ವ್ಯಾಕರಣದಲ್ಲೇ ಕಲಿತ ನಮ್ಮ ಹುಡುಗ, ಪದವಿ ತರಗತಿಯಲ್ಲಿ ರಿಚರ್ಡ್ಸರ ಹೆಸರು ಕೇಳಿ ನಡುಗಬೇಕಾಗಿಲ್ಲವೆಂದಷ್ಟೇ ನನ್ನ ಮಾತು.

ತೊಡಕು ಪ್ರಾರಂಭವಾಗುವುದು ಮೆಟಫರಿನಲ್ಲಿ. ನಿಘಂಟು ಅದಕ್ಕೆ 'ರೂಪಕ' ಎಂದು ಅರ್ಥ ಕೊಡುತ್ತದೆ. ಅದು ಅರ್ಧ ಸತ್ಯ. "ತುಂಗಭದ್ರೆ ಈ ಊರಿನ ತಾಯಿ" ಎಂದರೆ ರೂಪಕವಾಯಿತು. ಹೊಳೆಯೂ ಇದೆ, ತಾಯಿಯೂ ಇದ್ದಾಳೆ, ಎರಡೂ ಒಂದೇ ಎಂದು ಹೇಳಿದ್ದೇವೆ. ಮಳೆಗಾಲದಲ್ಲಿ ಹೊಳೆದಂಡೆಯ ಕೇರಿಗೆ ನೀರು ನುಗ್ಗಿದಾಗ ಅಲ್ಲಿನ ಮುದುಕಿಯೊಬ್ಬಳು "ತಾಯಿ ಬಾಗಿಲಿಗೇ ಬಂದಳು" ಎನ್ನುತ್ತಾಳೆ. ಇಲ್ಲಿ ಹೊಳೆಯ ಹೆಸರೇ ಇಲ್ಲ. ಉಪಮಾನವು ಉಪಮೇಯವನ್ನು ನುಂಗಿಬಿಟ್ಟಿದೆ. ನಮ್ಮ ಆಲಂಕಾರಿಕರ ಪ್ರಕಾರ ಇದು ರೂಪಕವಲ್ಲ, ಅತಿಶಯೋಕ್ತಿಯ ಒಂದು ಬಗೆ. ಇಂಗ್ಲಿಷಿನವರಿಗೆ ಎರಡೂ ಮೆಟಫರೇ. ಇತ್ತ ಅತಿಶಯೋಕ್ತಿಯನ್ನು ಹೈಪರ್ಬಲಿ ಎಂದು ಅನುವಾದಿಸಿಕೊಂಡ ವಿದ್ಯಾರ್ಥಿಯು, ಮುದುಕಿಯ ಮಾತಿನಲ್ಲಿ ಉತ್ಪ್ರೇಕ್ಷೆಯೇನಿದೆ, ನೀರು ನಿಜವಾಗಿಯೂ ಬಾಗಿಲಿಗೆ ಬಂದಿತ್ತಲ್ಲ ಎಂದು ತಲೆ ಕೆರೆದುಕೊಳ್ಳುತ್ತಾನೆ.

ಈಗತಾನೆ ನಾನು ಬಳಸಿದ 'ಉತ್ಪ್ರೇಕ್ಷೆ' ಎಂಬ ಮಾತು ಇನ್ನೊಂದು ಸೋಜಿಗ. ದಿನಬಳಕೆಯಲ್ಲಿ ಅದಕ್ಕೆ ಅತಿಯಾಗಿ ಹೇಳುವುದೆಂಬ ಅರ್ಥ ಬಂದುಬಿಟ್ಟಿದೆ. ಶಾಸ್ತ್ರದಲ್ಲಿ ಅದು ಸಂಭಾವನೆ, ಅಂದರೆ 'ಹೀಗಿರಬಹುದೇನೋ' ಎಂಬ ಕಲ್ಪನೆ. "ಹೋದ ವರ್ಷ ಕೈಬಿಚ್ಚಿ ಕೊಟ್ಟದ್ದಕ್ಕೆ ಈ ವರ್ಷ ನಾಚಿಯೋ ಏನೋ ಹೊಳೆ ಬಂಡೆಗಳ ಮರೆಯಲ್ಲಿ ಹರಿಯುತ್ತಿದೆ" ಎಂದರೆ ಅದು ಉತ್ಪ್ರೇಕ್ಷೆ. ಹೋಲಿಕೆಯೂ ಅಲ್ಲದ, ಅಭೇದವೂ ಅಲ್ಲದ, ನಡುವಿನ ಈ ಹದಕ್ಕೆ ಇಂಗ್ಲಿಷಿನ ಪಟ್ಟಿಯಲ್ಲಿ ಬೇರೆ ಹೆಸರಿಲ್ಲ. ಅವರ ಕವಿಗಳು ಇದನ್ನು ಧಾರಾಳವಾಗಿ ಬಳಸಿದ್ದಾರೆ. ಹೆಸರು ಕೊಡುವವರು ಇದನ್ನು ಸಿಮಿಲಿಯ ಮೂಲೆಗೆ ತಳ್ಳಿದ್ದಾರೆ.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಕುಮಾರವ್ಯಾಸನನ್ನು ನಾವು 'ರೂಪಕ ಸಾಮ್ರಾಜ್ಯ ಚಕ್ರವರ್ತಿ' ಎನ್ನುತ್ತೇವೆ. ಕವಿಗೆ ಅಲಂಕಾರದ ಹೆಸರಿನಲ್ಲಿ ಪಟ್ಟ ಕಟ್ಟಿದ್ದೇ ಒಂದು ವಿಶೇಷ; ಆ ಬಿರುದು ತಾನೇ ಒಂದು ರೂಪಕವೆಂಬುದನ್ನು ನನ್ನ ವಿದ್ಯಾರ್ಥಿಗಳು ಗಮನಿಸಿದ ದಿನ ತರಗತಿಯಲ್ಲಿ ನಗುವೆದ್ದಿತು.

ಮೆಟಾನಿಮಿ, ಸಿನೆಕ್ಡಕಿಗಳ ಕಡೆಗೆ ಬರೋಣ. ಪಟ್ಟಿಯಲ್ಲಿ ವಿದ್ಯಾರ್ಥಿಗಳನ್ನು ಅತಿ ಹೆಚ್ಚು ಕಾಡುವ ಜೋಡಿ ಇದು. ಒಂದಕ್ಕೆ ಸಂಬಂಧಪಟ್ಟ ಇನ್ನೊಂದರ ಹೆಸರು ಹೇಳುವುದು ಮೆಟಾನಿಮಿ. ಭಾಗವನ್ನು ಹೇಳಿ ಇಡಿಯನ್ನು, ಇಲ್ಲವೇ ಇಡಿಯನ್ನು ಹೇಳಿ ಭಾಗವನ್ನು ಸೂಚಿಸುವುದು ಸಿನೆಕ್ಡಕಿ. ಕನ್ನಡದ ಅಲಂಕಾರಗಳಲ್ಲಿ ಹುಡುಕಿದರೆ ಇವು ಸಿಕ್ಕುವುದಿಲ್ಲ. ಸಿಕ್ಕದೆ ಇರುವುದು ನಮ್ಮ ಕೊರತೆಯಲ್ಲ. ನಮ್ಮವರು ಇವನ್ನು ಒಡವೆಯ ಪೆಟ್ಟಿಗೆಯಲ್ಲಿ ಇಡದೆ ಶಬ್ದದ ಶಕ್ತಿಗಳ ಪ್ರಕರಣದಲ್ಲಿ, 'ಲಕ್ಷಣಾ' ಎಂಬ ಹೆಸರಿನಲ್ಲಿ ಇಟ್ಟಿದ್ದಾರೆ. ಗಂಗೆಯಲ್ಲಿ ಗೊಲ್ಲರ ಹಟ್ಟಿ ಇದೆ ಎಂದರೆ ಗಂಗೆಯ ದಡದಲ್ಲಿ ಇದೆ ಎಂದು ತಿಳಿಯಬೇಕೆಂಬುದು ಶಾಸ್ತ್ರದ ಹಳೆಯ ಉದಾಹರಣೆ. ಗಂಗೆಗೆ ಹೋಗುವುದು ಬೇಡ; ದಾವಣಗೆರೆಯ ಯಾವುದಾದರೂ ಬೆಣ್ಣೆದೋಸೆಯ ಹೋಟೆಲಿನಲ್ಲಿ ಬೆಳಗಿನ ಹೊತ್ತು ಹತ್ತು ನಿಮಿಷ ಕುಳಿತರೆ ಸಾಕು. "ಎರಡು ಬೆಣ್ಣೆ, ಒಂದು ಖಾಲಿ!" ಎಂಬ ಕೂಗು ಒಲೆಯ ಕಡೆಗೆ ಹೋಗುತ್ತದೆ. ಕೂಡಲೇ "ಮೂರನೇ ಟೇಬಲ್ಲು ಬಿಲ್ಲು ಕೇಳ್ತಾ ಐತಿ" ಎಂಬ ಇನ್ನೊಂದು ಕೂಗು ಗಲ್ಲೆಯ ಕಡೆಗೆ.

ಟೇಬಲ್ಲು ಬಿಲ್ಲು ಕೇಳುವುದುಂಟೇ? 'ಕಾವ್ಯಪ್ರಕಾಶ'ವನ್ನು ಬರೆದ ಮಮ್ಮಟನು ಲಕ್ಷಣೆಗೆ ಮೂರು ನಿಬಂಧನೆಗಳನ್ನು ಹೇಳುತ್ತಾನೆ. ಮೊದಲನೆಯದು, ಶಬ್ದದ ನೇರವಾದ ಅರ್ಥ ಹೊಂದಬಾರದು. ಮರದ ಮೇಜಿಗೆ ಬಾಯಿಲ್ಲ. ಎರಡನೆಯದು, ನೇರ ಅರ್ಥಕ್ಕೂ ಹೊರಡಬೇಕಾದ ಅರ್ಥಕ್ಕೂ ಸಂಬಂಧವಿರಬೇಕು. ಗಿರಾಕಿ ಆ ಮೇಜಿನ ಮುಂದೆ ಕುಳಿತಿದ್ದಾನೆ. ಮೂರನೆಯದು, ಹೀಗೆ ಹೇಳುವುದಕ್ಕೆ ರೂಢಿಯೋ ಪ್ರಯೋಜನವೋ ಇರಬೇಕು. ಇಪ್ಪತ್ತು ಗಿರಾಕಿಗಳ ಗದ್ದಲದಲ್ಲಿ ಹೆಸರು ಗೊತ್ತಿಲ್ಲದವನನ್ನು ಗುರುತಿಸಲು ಇದಕ್ಕಿಂತ ಹತ್ತಿರದ ದಾರಿಯಿಲ್ಲ. ಹೋಟೆಲಿನ ಹುಡುಗ ಮಮ್ಮಟನ ಹೆಸರು ಕೇಳಿದವನಲ್ಲ. ಮೂರು ನಿಬಂಧನೆಗಳನ್ನೂ ಅವನು ಅಕ್ಷರಶಃ ಪಾಲಿಸುತ್ತಾನೆ. ಮೆಟಾನಿಮಿಯನ್ನು ವಿವರಿಸಲು ಇಷ್ಟು ಸಾಕೆಂದು ನನ್ನ ಅನುಭವ. ಮುಂದೆ ಇಂಗ್ಲಿಷಿನಲ್ಲಿ ಸಿಂಹಾಸನವೆಂದರೆ ಅರಸು, ಲೇಖನಿಯೆಂದರೆ ಬರಹಗಾರ ಎಂಬುದು ತಾನಾಗಿ ತಿಳಿಯುತ್ತದೆ.

ಸಿನೆಕ್ಡಕಿಗೆ ಇನ್ನೂ ಗಟ್ಟಿಯಾದ ಉದಾಹರಣೆ ನಮ್ಮ ಊರಿನಲ್ಲಿದೆ. "ದುಡಿಯುವ ಕೈ ಎರಡು, ಉಣ್ಣುವ ಬಾಯಿ ಎಂಟು." ಮಿಲ್ಲಿನ ಕೆಲಸಗಾರರ ಕೇರಿಗಳಲ್ಲಿ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೈ ಎಂದರೆ ದುಡಿಯುವವನು, ಬಾಯಿ ಎಂದರೆ ಉಣ್ಣುವವರು. ಎರಡು ತುಂಡುಗಳನ್ನು ಎದುರುಬದುರು ನಿಲ್ಲಿಸಿದ್ದರಿಂದ ಇಂಗ್ಲಿಷಿನ ಆಂಟಿಥಿಸಿಸ್ ಕೂಡ ಇದರಲ್ಲಿಯೇ ಬಂತು. ಇಂಗ್ಲೆಂಡಿನ ಗಿರಣಿಗಳ ಒಡೆಯರೂ ಕೆಲಸಗಾರರನ್ನು 'ಕೈಗಳು' ಎಂದೇ ಕರೆಯುತ್ತಿದ್ದರು. 1854ರಲ್ಲಿ ಪ್ರಕಟವಾದ 'ಹಾರ್ಡ್ ಟೈಮ್ಸ್' ಕಾದಂಬರಿಯಲ್ಲಿ ಚಾರ್ಲ್ಸ್ ಡಿಕನ್ಸ್ ಈ ಪ್ರಯೋಗವನ್ನು ಹಿಡಿದು ಚುಚ್ಚಿದ್ದಾನೆ. ಅಲಂಕಾರ ಒಂದೇ, ಆದರೆ ಒಡೆಯನ ಬಾಯಲ್ಲಿ 'ಕೈ' ಎಂದಾಗ ಮನುಷ್ಯನ ಉಳಿದ ಭಾಗವೆಲ್ಲ ಲೆಕ್ಕದಿಂದ ಬಿಟ್ಟುಹೋಗುತ್ತದೆ, ಕೆಲಸಗಾರನ ಹೆಂಡತಿ 'ಕೈ' ಎಂದಾಗ ಆ ಕೈಯನ್ನು ನಂಬಿದ ಮನೆಯೆಲ್ಲ ಲೆಕ್ಕಕ್ಕೆ ಬರುತ್ತದೆ. ಲಕ್ಷಣವನ್ನು ಉರುಹೊಡೆದವನಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಯಾರು, ಯಾರಿಗೆ, ಯಾವಾಗ ಹೇಳಿದರು ಎಂದು ಕೇಳುವವನಿಗೆ ಕಾಣುತ್ತದೆ.

ಮಿಲ್ಲುಗಳ ಮಾತು ಬಂದದ್ದರಿಂದ ಇನ್ನೊಂದು. ದಾವಣಗೆರೆಯನ್ನು 'ಕರ್ನಾಟಕದ ಮ್ಯಾಂಚೆಸ್ಟರ್' ಎಂದು ಕರೆಯುವ ರೂಢಿ ಬಹಳ ಕಾಲದ್ದು. ಒಂದು ಅಂಕಿತನಾಮವನ್ನು ಗುಣವಾಚಕದಂತೆ ಬಳಸುವ ಈ ಬಗೆಯನ್ನು ಅವರು ಆಂಟನಮೇಸಿಯ ಎನ್ನುತ್ತಾರೆ. ನಮಗೂ ಇದು ಹಳೆಯದೇ. ನಾಗಚಂದ್ರನು 'ಅಭಿನವಪಂಪ'ನೆನಿಸಿಕೊಂಡ, ಕೊಡುಗೈಯವನನ್ನು ಇಂದಿಗೂ ಕರ್ಣನೆನ್ನುತ್ತೇವೆ. ನನ್ನ ಯೌವನದಲ್ಲಿ ಮಿಲ್ಲಿನ ಕೂಗಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಊರು ಇದು. ಆಮೇಲೆ ಹತ್ತಿಯ ಮಿಲ್ಲುಗಳು ಒಂದೊಂದಾಗಿ ಮೌನವಾದವು. ಬಿರುದು ಮಾತ್ರ ಉಳಿಯಿತು. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಹತ್ತಿಗಿರಣಿಗಳೂ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಚ್ಚಿಹೋದವು. ಆದಕಾರಣ ಹೋಲಿಕೆ ಇನ್ನೂ ಸರಿಯಾಗಿಯೇ ಇದೆ. ಐರನಿ ಎಂದರೇನೆಂದು ಕೇಳುವ ಹುಡುಗರಿಗೆ ನಾನು ಮೊದಲು ಇದನ್ನು ಹೇಳುತ್ತೇನೆ.

ಶಬ್ದದ ಅಲಂಕಾರಗಳನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಅಲಿಟರೇಷನ್ ನಮ್ಮ ಅನುಪ್ರಾಸ. ರೈಮ್ ಎಂಬುದು ಸಾಲಿನ ಕೊನೆಯ ಪ್ರಾಸ. ನಮ್ಮ ಹಳೆಯ ಪದ್ಯಗಳ ನಿಯತ ಪ್ರಾಸವಾದರೋ ಸಾಲಿನ ಎರಡನೆಯ ಅಕ್ಷರದಲ್ಲಿ ಇರುತ್ತಿತ್ತು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಅದನ್ನು ಬಿಟ್ಟು ಬರೆದಾಗ ದೊಡ್ಡ ಸಾಹಸವೆನಿಸಿತು. ಆನಮಟೊಪಿಯ, ಎಂದರೆ ಅನುಕರಣ ಶಬ್ದ, ಅದರಲ್ಲಿ ಕನ್ನಡವು ಇಂಗ್ಲಿಷಿಗಿಂತ ಸಿರಿವಂತವೆಂದು ನಿಸ್ಸಂಕೋಚವಾಗಿ ಹೇಳಬಹುದು. ಅವರ ಲಕ್ಷಣ ಕಿವಿಗೆ ಕೇಳುವ ಸದ್ದಿಗಷ್ಟೇ ಸಂಬಂಧಿಸಿದ್ದು. ನಮ್ಮಲ್ಲಿ ಗಡಗಡ, ಚಟಚಟಗಳ ಜೊತೆಗೆ ಕಣ್ಣಿಗೆ ಥಳಥಳ, ಮೂಗಿಗೆ ಘಮಘಮ, ಮೈಗೆ ಜುಮ್ಮೆನ್ನುವುದೂ ಉಂಟು. ಬೆಳಕಿಗೆ ಎಲ್ಲಿಯ ಸದ್ದು?

ಶ್ಲೇಷೆ, ವಿರೋಧಾಭಾಸಗಳನ್ನು ವಿವರಿಸಲು ಹದಿನಾಲ್ಕು ಕಿಲೋಮೀಟರಿನಷ್ಟು ದೂರದ ಹರಿಹರಕ್ಕೆ ಹೋಗಬೇಕು. ಹರಿದ್ರಾ ನದಿಯು ತುಂಗಭದ್ರೆಯನ್ನು ಕೂಡುವ ಆ ಊರಿನಲ್ಲಿ, ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯವಿದೆ. ಗರ್ಭಗುಡಿಯ ವಿಗ್ರಹದ ಬಲ ಅರ್ಧ ಹರ, ಎಡ ಅರ್ಧ ಹರಿ. ಗುಹಾಸುರನೆಂಬ ರಾಕ್ಷಸ ಹರಿಯಿಂದಲೂ ಹರನಿಂದಲೂ ತನಗೆ ಸಾವು ಬರಬಾರದೆಂದು ವರ ಪಡೆದಿದ್ದನಂತೆ. ಇಬ್ಬರೂ ಒಂದೇ ಮೈಯಾಗಿ ಬಂದರೆ ಏನೆಂಬುದು ವರದಲ್ಲಿ ಇರಲಿಲ್ಲ. ಒಳ್ಳೆಯ ವಕೀಲನೂ ಇಂಥ ಸಂದನ್ನು ಹುಡುಕಲಾರ. ಮೇಲುನೋಟಕ್ಕೆ ವಿರೋಧವಾಗಿ ಕಂಡು, ಯೋಚಿಸಿದಾಗ ಹೊಂದಿಕೊಳ್ಳುವುದು ವಿರೋಧಾಭಾಸ. ಇಂಗ್ಲಿಷಿನವರು ಅದನ್ನು ಎರಡು ಮಾಡಿದ್ದಾರೆ: ಇಡೀ ಹೇಳಿಕೆಯಾದರೆ ಪ್ಯಾರಡಾಕ್ಸ್, ಎರಡು ಪದಗಳನ್ನು ಮುಖಾಮುಖಿ ಕಟ್ಟಿದರೆ ಆಕ್ಸಿಮೊರಾನ್. ಹರಿಹರೇಶ್ವರನ ಕಥೆ ಮೊದಲನೆಯದು. ಎರಡನೆಯದಕ್ಕೆ ಪಕ್ಕದ ದಾವಣಗೆರೆಯ ದೋಸೆಯೇ ಗತಿ. 'ಖಾಲಿ' ತಿಂದು ಹೊಟ್ಟೆ ತುಂಬಿಸಿಕೊಂಡೆ ಎಂದು ಹೇಳಬಲ್ಲ ಊರು ನಮ್ಮದು. 'ಖಾಲಿ' ಎಂಬ ಪದಕ್ಕಿರುವ ಎರಡು ಅರ್ಥಗಳ ಶ್ಲೇಷೆಯ ಮೇಲೆ ಅಲ್ಲಿ ವಿರೋಧ ನಿಂತಿದೆ.

ಮಾತಿಗೂ ಮನಸ್ಸಿಗೂ ಅಂತರವಿಡುವ ಅಲಂಕಾರಗಳು ಇನ್ನೊಂದು ಗುಂಪು. 1589ರಲ್ಲಿ ಜಾರ್ಜ್ ಪಟನ್‌ಹ್ಯಾಂ ಎಂಬವನು ಇಂಗ್ಲಿಷ್ ಕಾವ್ಯಕಲೆಯನ್ನು ಕುರಿತ ಗ್ರಂಥದಲ್ಲಿ, ಗ್ರೀಕ್ ಹೆಸರುಗಳು ತನ್ನ ಜನಕ್ಕೆ ಕಷ್ಟವೆಂದು ದೇಶೀಯ ಹೆಸರುಗಳನ್ನು ಕಟ್ಟಿದ. ಐರನಿಗೆ ಅವನಿಟ್ಟ ಹೆಸರಿನ ಅರ್ಥ 'ಒಣ ಅಣಕ'. ಹೈಪರ್ಬಲಿಗೆ 'ಗಟ್ಟಿದನಿಯ ಸುಳ್ಳ'. ಮೆಟಾನಿಮಿಗೆ 'ತಪ್ಪು ಹೆಸರಿಡುವವ'. ಆ ಹೆಸರುಗಳು ನಿಲ್ಲಲಿಲ್ಲ, ಗ್ರೀಕ್ ಹೆಸರುಗಳೇ ನಿಂತವು. ಇಂಗ್ಲಿಷರಿಗೂ ಇವು ಒಂದು ಕಾಲಕ್ಕೆ ಪರಕೀಯವಾಗಿದ್ದವೆಂಬುದು ನಮ್ಮ ಹುಡುಗರಿಗೆ ತಿಳಿದಿರಲಿ. ಕೆಲಸ ಕೆಡಿಸಿದವನಿಗೆ "ದೊಡ್ಡ ಉಪಕಾರ ಮಾಡಿದೆ ಮಹರಾಯ" ಎನ್ನುವುದು ಒಣ ಅಣಕ. ನಮ್ಮ ಶಾಸ್ತ್ರದಲ್ಲಿ ಅದು ವ್ಯಾಜಸ್ತುತಿಯ ಒಂದು ಮುಖ. ಇನ್ನೊಂದು ಮುಖ ನಿಂದಿಸಿ ಹೊಗಳುವುದು. ದಾಸರು ದೇವರನ್ನು ಬಾಯ್ತುಂಬ ಬೈದದ್ದು ಆ ಬಗೆಯದು. "ನಾನೇನು ಕುರುಡನೇ?" ಎಂಬ ಉತ್ತರ ಬೇಡದ ಪ್ರಶ್ನೆಯಲ್ಲಿ ಕೆಲಸ ಮಾಡುವುದು ಕಾಕು, ಅಂದರೆ ದನಿಯ ತಿರುವು. ಬಾನುಲಿಯಲ್ಲಿ ಅದು ಕೇಳಿಸುತ್ತದೆ, ಅಚ್ಚಿನಲ್ಲಿ ಓದುಗನೇ ತುಂಬಿಕೊಳ್ಳಬೇಕು. ಲೈಟೊಟಿಸ್ ಎಂದರೆ ಇಲ್ಲವೆನ್ನುವ ಮೂಲಕ ಉಂಟೆನ್ನುವುದು. ನಮ್ಮ ಕಡೆ ಹೆಣ್ಣು ನೋಡಿ ಬಂದವರು "ಹುಡುಗಿ ತೆಗೆದುಹಾಕುವ ಹಾಗಿಲ್ಲ" ಎಂದರೆ ಮದುವೆ ಮುಕ್ಕಾಲು ಪಾಲು ಗೊತ್ತಾದಂತೆಯೇ.

ಕೊನೆಗೆ ಯೂಫಮಿಸಂ. ಅಶುಭವನ್ನೋ ಕಟುವನ್ನೋ ಮೆತ್ತಗಿನ ಮಾತಿನಿಂದ ಮುಚ್ಚುವುದು. ನಮ್ಮ ಹೆಂಗಸರು ಈ ಕಲೆಯಲ್ಲಿ ಪಂಡಿತರು. ದೀಪ ಆರಿಸು ಎನ್ನುವುದಿಲ್ಲ, ದೊಡ್ಡದು ಮಾಡು ಎನ್ನುತ್ತಾರೆ. ಹೋಗುತ್ತೇನೆ ಎನ್ನದೆ ಹೋಗಿಬರುತ್ತೇನೆ ಎನ್ನುತ್ತಾರೆ. ಮೈಮೇಲೆ ಸಿಡುಬು ಎದ್ದರೆ ಅಮ್ಮ ಬಂದಳು ಎನ್ನುತ್ತಿದ್ದರು. ಮನೆಯಲ್ಲಿ ಅಕ್ಕಿ ಮುಗಿದರೆ ಇಲ್ಲವೆಂಬ ಮಾತು ಬಾಯಿಂದ ಬರಬಾರದು. "ಅಕ್ಕಿ ಹೆಚ್ಚಿದೆ" ಎನ್ನಬೇಕು. ಇದರಲ್ಲಿ ಮೋಸವಿಲ್ಲ. ಹೇಳುವವಳಿಗೂ ಕೇಳುವವನಿಗೂ ಡಬ್ಬ ಬರಿದಾಗಿರುವುದು ಗೊತ್ತು. ಒಂದು ಕಷ್ಟವನ್ನು ಇಬ್ಬರೂ ಕೂಡಿ ಮರ್ಯಾದೆಯಿಂದ ಹೊರುವ ರೀತಿ ಅದು.

ಇದೇ ಅಲಂಕಾರದ ಬೇರೊಂದು ಬಳಕೆಯನ್ನು ನಾನು ಒಂದು ಸಂಜೆ ಕಂಡೆ. ಆ ಪಟ್ಟಿಯ ಪುಸ್ತಕ ಹಿಡಿದು ಬರುತ್ತಿದ್ದ ಹುಡುಗನೊಬ್ಬ ಅಂದು ತನ್ನ ತಂದೆಯನ್ನೂ ಕರೆತಂದಿದ್ದ. ತಂದೆ ಒಂದು ಕಾರ್ಖಾನೆಯಲ್ಲಿ ಬಹಳ ವರ್ಷ ದುಡಿದವರು. ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಇಂಗ್ಲಿಷಿನಲ್ಲಿದ್ದ ಒಂದು ನೋಟೀಸನ್ನು ಓದಿ ಹೇಳಬೇಕಾಗಿತ್ತು. ಪ್ರಚಲಿತ ಸನ್ನಿವೇಶದ ಹಿನ್ನೆಲೆಯಲ್ಲಿ, ಸಿಬ್ಬಂದಿಯ ಸ್ವರೂಪವನ್ನು ಮರುಹೊಂದಿಸುವುದು ಅನಿವಾರ್ಯವೆಂದು ಕಂಡುಬಂದುದರಿಂದ, ಹೆಚ್ಚುವರಿಯೆಂದು ಗುರುತಿಸಲ್ಪಟ್ಟವರ ಸೇವೆಯನ್ನು ಮುಂದುವರಿಸಲಾಗುತ್ತಿಲ್ಲ ಎಂಬುದು ಅದರ ಸಾರ. ಹುಡುಗ ಅದನ್ನು ಎರಡು ಸಲ ಓದಿಕೊಂಡಿದ್ದ. ಪದಗಳೆಲ್ಲ ಅವನಿಗೆ ಗೊತ್ತಿದ್ದವು. ಒಟ್ಟು ಏನು ಹೇಳಿದ್ದಾರೆಂಬುದು ಗೊತ್ತಾಗಿರಲಿಲ್ಲ.

ನಾನು ಪುಸ್ತಕವನ್ನು ತೆರೆಯಿಸಿ ಯೂಫಮಿಸಂನ ಲಕ್ಷಣವನ್ನು ಅವನಿಂದಲೇ ಓದಿಸಿದೆ. ಆಮೇಲೆ ನೋಟೀಸಿನ ಒಂದೊಂದು ವಾಕ್ಯಕ್ಕೂ ಕರ್ತೃಪದ ಯಾವುದೆಂದು ಹುಡುಕಲು ಹೇಳಿದೆ. ಕರ್ತೃಪದವೇ ಇರಲಿಲ್ಲ, 'ಕಂಡುಬಂದಿತು' ಸರಿ, ಯಾರಿಗೆ ಕಂಡಿತು? 'ಗುರುತಿಸಲ್ಪಟ್ಟರು', ಯಾರು ಗುರುತಿಸಿದರು? ಕರ್ಮಣಿ ಪ್ರಯೋಗವನ್ನು ಯಾವ ಶಾಸ್ತ್ರವೂ ಅಲಂಕಾರವೆಂದು ಎಣಿಸಿಲ್ಲ. ಆದರೆ ಮುಚ್ಚುವ ಕೆಲಸದಲ್ಲಿ ಅದು ಎಷ್ಟೋ ಅಲಂಕಾರಗಳಿಗಿಂತ ಸಮರ್ಥವೆಂದು ಹುಡುಗನಿಗೆ ಅಂದು ತಿಳಿಯಿತು. ತಾನಾಗಿಯೇ ಇಡೀ ಕಾಗದವನ್ನು ಕನ್ನಡದ ಒಂದು ವಾಕ್ಯಕ್ಕೆ ಇಳಿಸಿದ: "ಅಪ್ಪಾಜಿ, ನಿನ್ನನ್ನ ಕೆಲಸದಿಂದ ತೆಗೆದಾರೆ."

ತಂದೆ ಸುಮ್ಮನೆ ಕುಳಿತಿದ್ದರು. ಸ್ವಲ್ಪ ಹೊತ್ತಾದ ಮೇಲೆ, ಆ ನಡುವಿನ ಪದ ಏನೆಂದಿರಿ ಎಂದು ನನ್ನನ್ನು ಕೇಳಿದರು. ಹೆಚ್ಚುವರಿ ಎಂದೆ.

"ಮನೆಯಾಗೆ ಅಕ್ಕಿ ಹೆಚ್ಚಿದಂಗೆ ಅನ್ರೀ ಮೇಷ್ಟ್ರೆ," ಎಂದರು.

ಲೆಕ್ಕದ ಬಾಕಿಯನ್ನು ಪಡೆಯಲು ಹಾಜರಾಗಬೇಕಾದ ದಿನ ನೋಟೀಸಿನ ಕೊನೆಯಲ್ಲಿತ್ತು. ಅಷ್ಟು ಮಾತ್ರ ಯಾವ ಮರೆಯೂ ಇಲ್ಲದೆ ಅಂಕಿಗಳಲ್ಲಿ ಬರೆದಿದ್ದರು. ಅದನ್ನು ಹುಡುಗ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ತಂದೆಯ ಅಂಗಿಯ ಜೇಬಿನಲ್ಲಿಟ್ಟ.